ಫ್ಲೂ ಲಸಿಕೆಯ ನಂತರದ ಎರಡು ದಿನಗಳು

ಈ ವರ್ಷ ಫ್ಲೂ ಲಸಿಕೆ ಹಾಕಿಸಿಕೊಂಡಾಗ ಸೂಜಿ ಚುಚ್ಚಿದ್ದು ನನಗೆ ಅಷ್ಟಾಗಿ ಗೊತ್ತೇ ಆಗಲಿಲ್ಲ. ಬೆಳಿಗ್ಗೆ ಎಡತೋಳಿಗೆ ಇಂಜೆಕ್ಷನ್ ಆಯಿತು, ಹೇಳಿದಂತೆ ಹದಿನೈದು ನಿಮಿಷ ಅಲ್ಲೇ ಕುಳಿತಿದ್ದು ಎದ್ದು ಬಂದೆ, ಸಂಜೆಯ ಹೊತ್ತಿಗೆ ಅದನ್ನು ಮರೆತೂ ಬಿಟ್ಟಿದ್ದೆ. ರಾತ್ರಿ ಎಡಮಗ್ಗುಲಿಗೆ ಹೊರಳಿದಾಗ, ಭುಜದಿಂದ ಮೂರು ಬೆರಳು ಕೆಳಗೆ ಯಾರೋ ಗುದ್ದಿದಂತಹ ನೋವಾಗಿ ಎಚ್ಚರವಾಯಿತು. ಬೆಳಿಗ್ಗೆ ಕನ್ನಡಿಯಲ್ಲಿ ನೋಡಿದರೆ ಆ ಜಾಗ ಹೆಬ್ಬೆರಳಿನ ಉಗುರಿನಷ್ಟಗಲ ಕೆಂಪಾಗಿತ್ತು. ಮುಟ್ಟಿದರೆ ಸುತ್ತಲಿನ ಚರ್ಮಕ್ಕಿಂತ ಬಿಸಿ, ಒತ್ತಿದರೆ ಒಳಗೊಂದು ಗಂಟಿನಂತೆ ಗಟ್ಟಿ. ಅಂಗಿಯ ತೋಳಿಗೆ ಕೈ ತೂರಿಸುವಾಗ ಹಲ್ಲು ಕಚ್ಚಬೇಕಾಯಿತು. ಮಧ್ಯಾಹ್ನದ ಹೊತ್ತಿಗೆ ಮೈ ಭಾರವಾಗಿ ಸಣ್ಣಗೆ ತಲೆ ನೋಯತೊಡಗಿತು. ಮೂರನೆಯ ದಿನ ಇವುಗಳಲ್ಲಿ ಯಾವುದೂ ಉಳಿದಿರಲಿಲ್ಲ.

ಲಸಿಕೆ ಹಾಕಿಸಿಕೊಂಡ ಬಹುಪಾಲು ಜನರ ಅನುಭವ ಇದೇ ಬಗೆಯದು; ಕೆಲವರಿಗೆ ಇಷ್ಟೂ ಆಗುವುದಿಲ್ಲ, ಕೆಲವರಿಗೆ ಸ್ವಲ್ಪ ಜ್ವರವೂ ಬರುತ್ತದೆ. ಆದರೆ ಇದರ ಜೊತೆಗೇ ಕೇಳಿಬರುವ ಇನ್ನೊಂದು ಮಾತಿದೆ: 'ಫ್ಲೂ ಬಾರದಿರಲಿ ಎಂದು ಲಸಿಕೆ ಹಾಕಿಸಿಕೊಂಡೆ, ಆ ಲಸಿಕೆಯಿಂದಲೇ ಫ್ಲೂ ಬಂತು.' ಹೀಗೆ ಹೇಳುವವರು ಸುಳ್ಳು ಹೇಳುತ್ತಿಲ್ಲ. ಅವರಿಗಾದ ಮೈಕೈ ನೋವು ನಿಜ, ಚಳಿಯೂ ನಿಜ. ಅವುಗಳಿಗೆ ಅವರು ಕೊಡುವ ಕಾರಣವನ್ನು ಮಾತ್ರ ಪರೀಕ್ಷಿಸಿ ನೋಡಬೇಕಾಗುತ್ತದೆ.

ತೋಳಿಗೆ ಚುಚ್ಚುವ ಫ್ಲೂ ಲಸಿಕೆಯಲ್ಲಿ ಜೀವಂತ ವೈರಸ್ ಇರುವುದಿಲ್ಲ. ಹೆಚ್ಚಿನ ಲಸಿಕೆಗಳಿಗೆ ಬೇಕಾದ ವೈರಸ್ಸನ್ನು ಇಂದಿಗೂ ಕೋಳಿಮೊಟ್ಟೆಯೊಳಗೆ ಬೆಳೆಸುತ್ತಾರೆ. ಅದನ್ನು ಫಾರ್ಮಾಲ್ಡಿಹೈಡ್‌ನಂತಹ ರಾಸಾಯನಿಕದಿಂದ ನಿಷ್ಕ್ರಿಯಗೊಳಿಸಿ, ಸಾಬೂನಿನ ಜಾತಿಗೆ ಸೇರಿದ ದ್ರಾವಣದಿಂದ ಅದರ ಕೊಬ್ಬಿನ ಹೊದಿಕೆಯನ್ನು ಕರಗಿಸಿ ತುಂಡರಿಸುತ್ತಾರೆ. ಆ ತುಂಡುಗಳಲ್ಲಿ ಮುಖ್ಯವಾಗಿ ಬೇಕಾದದ್ದು ವೈರಸ್ಸಿನ ಮೇಲ್ಮೈಯಲ್ಲಿ ಮುಳ್ಳಿನಂತೆ ಎದ್ದು ನಿಂತಿರುವ ಹೀಮಾಗ್ಲುಟಿನಿನ್ ಎಂಬ ಪ್ರೋಟೀನು. ಸಾಮಾನ್ಯ ಪ್ರಮಾಣದ ಒಂದು ಡೋಸಿನಲ್ಲಿ, ಅದರಲ್ಲಿ ಸೇರಿಸಿರುವ ಪ್ರತಿ ವೈರಸ್ ತಳಿಗೆ ಇದು 15 ಮೈಕ್ರೋಗ್ರಾಂನಷ್ಟಿರುತ್ತದೆ, ಅಂದರೆ ಒಂದು ಗ್ರಾಮನ್ನು ಸುಮಾರು 66 ಸಾವಿರ ಪಾಲು ಮಾಡಿದರೆ ಅದರಲ್ಲೊಂದು ಪಾಲು. ಹೀಗೆ ಒಡೆದುಹೋದ ವೈರಸ್ಸು ಮತ್ತೆ ಕೂಡಿಕೊಂಡು ಜೀವಕೋಶದೊಳಗೆ ಹೊಕ್ಕು ಮರಿಮಾಡಲು ಸಾಧ್ಯವೇ ಇಲ್ಲ. ಮೂಗಿಗೆ ಸಿಂಪಡಿಸುವ ಲಸಿಕೆಯ ವಿಷಯ ಬೇರೆ. ಅದರಲ್ಲಿ ದುರ್ಬಲಗೊಳಿಸಿದ ಜೀವಂತ ವೈರಸ್ ಇರುತ್ತದೆ, ಆದರೆ ಮೂಗಿನ ತಂಪಿನಲ್ಲಿ ಬೆಳೆಯುವ ಅದಕ್ಕೆ ಶ್ವಾಸಕೋಶದ ಬಿಸಿಯಲ್ಲಿ ಬೆಳೆಯಲಾಗದಂತೆ ಅದನ್ನು ಪಳಗಿಸಿರುತ್ತಾರೆ. ಹಾಗಾಗಿ ಅದರ ಅಡ್ಡಪರಿಣಾಮಗಳಲ್ಲಿ ಮೂಗು ಸೋರುವುದೇ ಮುಂದೆ ನಿಲ್ಲುತ್ತದೆ.

ಹಾಗಿದ್ದರೆ ರೋಗವಿಲ್ಲದೆ ರೋಗದ ಲಕ್ಷಣಗಳು ಎಲ್ಲಿಂದ ಬಂದವು? ಸ್ನಾಯುವಿನೊಳಗೆ ಹೊಸ ಪ್ರೋಟೀನು ಬಂದು ಬಿದ್ದ ಕೆಲವೇ ಗಂಟೆಗಳಲ್ಲಿ ಅಲ್ಲಿ ಕಾವಲಿರುವ ಬಿಳಿ ರಕ್ತಕಣಗಳ ಬಳಗ ಅದನ್ನು ಗುರುತಿಸಿ, ಸೈಟೋಕೈನ್ ಎಂಬ ಸಂದೇಶವಾಹಕ ಪ್ರೋಟೀನುಗಳನ್ನು ಬಿಡುಗಡೆ ಮಾಡುತ್ತದೆ. ಅವುಗಳ ಕರೆಗೆ ಸುತ್ತಲಿನ ಸಣ್ಣ ರಕ್ತನಾಳಗಳು ಹಿಗ್ಗುತ್ತವೆ; ಹೆಚ್ಚು ರಕ್ತ ಹರಿದುಬಂದದ್ದರಿಂದ ಚರ್ಮ ಕೆಂಪಾಗಿ ಬಿಸಿಯಾಗುತ್ತದೆ, ನಾಳಗಳಿಂದ ದ್ರವ ಜಿನುಗಿದ್ದರಿಂದ ಊತ ಬರುತ್ತದೆ, ಅಲ್ಲಿನ ನರತುದಿಗಳು ಸೂಕ್ಷ್ಮಗೊಂಡಿದ್ದರಿಂದ ಅಂಗಿಯ ಬಟ್ಟೆ ತಾಗಿದರೂ ನೋವಾಗುತ್ತದೆ. ಆ ಸಂದೇಶಗಳಲ್ಲಿ ಒಂದಿಷ್ಟು ರಕ್ತದಲ್ಲಿ ಸೇರಿ ಮಿದುಳಿನವರೆಗೆ ಮುಟ್ಟಿದರೆ, ಅಲ್ಲಿ ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕ ಉತ್ಪತ್ತಿಯಾಗಿ, ದೇಹದ ಉಷ್ಣತೆಯನ್ನು ನಿಯಂತ್ರಿಸುವ ಹೈಪೊಥಲಾಮಸ್ ಅದನ್ನು ತುಸು ಏರಿಸುತ್ತದೆ. ಪ್ಯಾರಾಸಿಟಮಾಲ್ ಜ್ವರ ಇಳಿಸುವುದು ಈ ರಾಸಾಯನಿಕದ ಉತ್ಪಾದನೆಯನ್ನು ತಗ್ಗಿಸಿ.

ನಿಜವಾದ ಫ್ಲೂ ಬಂದಾಗ ಆಗುವ ಮೈಕೈ ನೋವು, ಚಳಿ, ಸುಸ್ತುಗಳಲ್ಲಿ ಬಹುಪಾಲು ಹುಟ್ಟುವುದು ಇದೇ ಸೈಟೋಕೈನ್‌ಗಳಿಂದ. ವೈರಸ್ಸು ಹೆಚ್ಚಾಗಿ ಶ್ವಾಸನಾಳದಲ್ಲೇ ಉಳಿದರೂ ಕಾಲಿನ ಸ್ನಾಯುಗಳು ನೋಯುವುದು ಅದಕ್ಕೇ. ಲಸಿಕೆಯ ಮರುದಿನದ ಮೈಭಾರ ಫ್ಲೂವನ್ನು ಹೋಲುವುದು ಎರಡರಲ್ಲೂ ಎಚ್ಚೆತ್ತಿರುವುದು ನಮ್ಮದೇ ದೇಹದ ಒಂದೇ ವ್ಯವಸ್ಥೆಯಾದ್ದರಿಂದ. ವ್ಯತ್ಯಾಸ ಗೊತ್ತಾಗುವುದು ಕಾಲಾವಧಿಯಲ್ಲಿ ಮತ್ತು ಜೊತೆಗಿರುವ ಲಕ್ಷಣಗಳಲ್ಲಿ: ಲಸಿಕೆಯ ಜ್ವರ ಸಾಮಾನ್ಯವಾಗಿ 6ರಿಂದ 12 ಗಂಟೆಗಳಲ್ಲಿ ಶುರುವಾಗಿ ಒಂದೆರಡು ದಿನಗಳಲ್ಲಿ ಇಳಿಯುತ್ತದೆ, ಜೊತೆಗೆ ಕೆಮ್ಮು, ಗಂಟಲು ನೋವು ಸಾಮಾನ್ಯವಾಗಿ ಇರುವುದಿಲ್ಲ.

ಆದರೆ ನನ್ನ ತಲೆನೋವು ಲಸಿಕೆಯಿಂದಲೇ ಬಂದದ್ದೇ ಎಂದು ಕೇಳಿದರೆ ಹೌದು ಎನ್ನುವ ಧೈರ್ಯ ನನಗಿಲ್ಲ. ಅಮೆರಿಕದ ಮಿನಿಯಾಪೊಲಿಸ್ ಪ್ರದೇಶದಲ್ಲಿ ಆರೋಗ್ಯವಂತ ದುಡಿಯುವ ವಯಸ್ಕರ ಮೇಲೆ ನಡೆದು 1996ರಲ್ಲಿ ಪ್ರಕಟವಾದ ಒಂದು ಅಧ್ಯಯನ ಈ ಪ್ರಶ್ನೆಯನ್ನು ನೇರವಾಗಿ ಕೈಗೆತ್ತಿಕೊಂಡಿತು. 800ಕ್ಕೂ ಹೆಚ್ಚು ಜನರಲ್ಲಿ ಅರ್ಧದಷ್ಟು ಮಂದಿಗೆ ಫ್ಲೂ ಲಸಿಕೆ, ಉಳಿದವರಿಗೆ ಲಸಿಕೆಯ ಅಂಶವೇ ಇಲ್ಲದ ದ್ರವ. ಯಾರಿಗೆ ಯಾವುದು ಎಂದು ಚುಚ್ಚಿಸಿಕೊಂಡವರಿಗೆ ಗೊತ್ತಿರಲಿಲ್ಲ. ಲಸಿಕೆ ಪಡೆದವರಲ್ಲಿ ಶೇ. 6.2 ಮಂದಿ ಜ್ವರ ಬಂತೆಂದರು, ಬರಿಯ ದ್ರವ ಪಡೆದವರಲ್ಲಿ ಶೇ. 6.1. ಸುಸ್ತು ಎಂದವರ ಪ್ರಮಾಣವೂ ಎರಡು ಗುಂಪುಗಳಲ್ಲಿ ಹೆಚ್ಚುಕಡಿಮೆ ಒಂದೇ. ತೋಳುನೋವಿನಲ್ಲಿ ಮಾತ್ರ ಎರಡು ಗುಂಪುಗಳು ದೂರ ಸರಿದವು: ಶೇ. 63.8 ಮತ್ತು ಶೇ. 24.1. ಅಂದರೆ ತೋಳುನೋವನ್ನು ಲಸಿಕೆಯ ಖಾತೆಗೆ ಧಾರಾಳವಾಗಿ ಬರೆಯಬಹುದು. ಸುಸ್ತು, ತಲೆನೋವುಗಳನ್ನು ಹಾಗೆ ಬರೆಯುವ ಮುನ್ನ, ಯಾವ ಲಸಿಕೆಯನ್ನೂ ಪಡೆಯದ ಜನರಲ್ಲಿಯೂ ಯಾವುದೇ ಒಂದು ವಾರದಲ್ಲಿ ಎಷ್ಟೋ ಮಂದಿಗೆ ಅವು ಇದ್ದೇ ಇರುತ್ತವೆ ಎಂಬುದನ್ನು ನೆನೆಯಬೇಕು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಗುವ ಸಂದರ್ಭಗಳು ಇಲ್ಲಿ ಬಹಳ. ಫ್ಲೂ ಲಸಿಕೆ ಹಾಕುವುದೇ ನೆಗಡಿ-ಕೆಮ್ಮು ಹಬ್ಬುವ ಕಾಲಕ್ಕೆ ತುಸು ಮುನ್ನ. ಸಾಲದ್ದಕ್ಕೆ, ವೈರಸ್ಸನ್ನು ತಡೆಯುವ ಪ್ರತಿಕಾಯಗಳು ದೇಹದಲ್ಲಿ ಸಾಕಷ್ಟು ತಯಾರಾಗಲು ಸುಮಾರು ಎರಡು ವಾರ ಬೇಕು. ಆ ನಡುವಿನ ದಿನಗಳಲ್ಲಿ ಬೇರೊಬ್ಬರಿಂದ ಅಂಟಿದ ಫ್ಲೂವಿನ ಹೊಣೆಯೂ ಲಸಿಕೆಯ ಮೇಲೆ ಬೀಳುತ್ತದೆ.

ಇದನ್ನು ಓದಿ, ಹಾಗಾದರೆ ಜನರ ಅನುಭವಕ್ಕೆ ಬೆಲೆಯಿಲ್ಲವೇ ಎಂದು ಯಾರಾದರೂ ನೊಂದುಕೊಂಡರೆ ನಾನು ಅವರ ಪಕ್ಷವೇ. ಆ ಅಧ್ಯಯನ ಆರೋಗ್ಯವಂತ ವಯಸ್ಕರದು. ಮೊದಲ ಬಾರಿ ಲಸಿಕೆ ಪಡೆಯುವ ಚಿಕ್ಕ ಮಕ್ಕಳಲ್ಲಿ, ವೃದ್ಧರಿಗಾಗಿ ಪ್ರೋಟೀನಿನ ಪ್ರಮಾಣವನ್ನು ನಾಲ್ಕು ಪಟ್ಟು ಹೆಚ್ಚಿಸಿದ ಲಸಿಕೆಗಳಲ್ಲಿ ಜ್ವರ, ಮೈಕೈ ನೋವುಗಳು ಹೆಚ್ಚಾಗಿಯೇ ಕಾಣುತ್ತವೆ. ಅದಕ್ಕಿಂತ ಮುಖ್ಯವಾಗಿ, ಲಸಿಕೆಯ ನಿಜವಾದ ದೋಷಗಳು ಬೆಳಕಿಗೆ ಬಂದದ್ದೇ ಜನ ತಮಗಾದದ್ದನ್ನು ಹೇಳಿದ್ದರಿಂದ, ಮತ್ತು ಹೇಳಿದ್ದನ್ನು ಯಾರೋ ಬರೆದುಕೊಂಡಿದ್ದರಿಂದ. 2000ನೇ ಇಸವಿಯ ಕೊನೆಯಲ್ಲಿ ಕೆನಡಾದಲ್ಲಿ ಲಸಿಕೆ ಪಡೆದ ಹಲವರು ಕಣ್ಣು ಕೆಂಪಾಗಿದೆ, ಕೆಮ್ಮು ಬರುತ್ತಿದೆ, ಮುಖ ಊದಿದೆ ಎಂದು ಒಂದೇ ದಿನದೊಳಗೆ ವೈದ್ಯರ ಬಳಿಗೆ ಬಂದರು. ಅಲ್ಲಿಯವರೆಗಿನ ಯಾವ ವಿವರಣೆಯಲ್ಲೂ ಇಲ್ಲದಿದ್ದ ಈ ಲಕ್ಷಣಗಳಿಗೆ ಕಣ್ಣು-ಉಸಿರಾಟದ ಸಿಂಡ್ರೋಮ್ ಎಂಬರ್ಥದ ಹೆಸರು ಬಂತು. ಹುಡುಕಿ ನೋಡಿದಾಗ, ಆ ಲಸಿಕೆಯೊಂದರಲ್ಲಿ ವೈರಸ್ಸು ಸರಿಯಾಗಿ ಒಡೆಯದೆ ಸಣ್ಣ ಸಣ್ಣ ಗುಂಪುಗಳಾಗಿ ಉಳಿದಿತ್ತು. 2010ರಲ್ಲಿ ಆಸ್ಟ್ರೇಲಿಯಾದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಒಂದು ಲಸಿಕೆಯಿಂದ ತೀವ್ರ ಜ್ವರ, ಅದರ ಬೆನ್ನಿಗೇ ಫಿಟ್ಸ್ ಕಾಣಿಸಿಕೊಂಡು, ಆ ವಯಸ್ಸಿನವರಿಗೆ ಲಸಿಕೆ ಹಾಕುವುದನ್ನೇ ನಿಲ್ಲಿಸಬೇಕಾಯಿತು; ಅಲ್ಲಿಯೂ ತನಿಖೆ ಬಂದು ನಿಂತದ್ದು ವೈರಸ್ಸನ್ನು ಒಡೆಯುವ ಹಂತದ ಬಳಿಯೇ. ಇಡೀ ವೈರಸ್ಸನ್ನು ಒಡೆಯದೆ ಕೊಡುತ್ತಿದ್ದ ಮೊದಲ ತಲೆಮಾರಿನ ಲಸಿಕೆಗಳು ಮಕ್ಕಳಿಗೆ ಹೆಚ್ಚು ಜ್ವರ ತರಿಸುತ್ತಿದ್ದವು ಎಂಬುದನ್ನೂ ಇದರೊಡನೆ ಇಟ್ಟು ನೋಡಿದರೆ, ಕಾರ್ಖಾನೆಯಲ್ಲಿ ನಡೆಯುವ ಆ ಒಂದು ಹೆಜ್ಜೆಗೂ ನಮ್ಮ ಮರುದಿನದ ನೆಮ್ಮದಿಗೂ ಇರುವ ನಂಟು ಕಣ್ಣಿಗೆ ಕಟ್ಟುತ್ತದೆ.

1976ರ ಪ್ರಕರಣ ಇವೆಲ್ಲಕ್ಕಿಂತ ಗಂಭೀರವಾದದ್ದು. ಅಮೆರಿಕದ ಫೋರ್ಟ್ ಡಿಕ್ಸ್ ಸೇನಾನೆಲೆಯಲ್ಲಿ ಹಂದಿಜ್ವರದ ವೈರಸ್ ಕಂಡದ್ದೇ, ಮಹಾಮಾರಿ ಬರುತ್ತದೆಂಬ ಭಯದಲ್ಲಿ ಸುಮಾರು ನಾಲ್ಕೂವರೆ ಕೋಟಿ ಜನರಿಗೆ ಕೆಲವೇ ವಾರಗಳಲ್ಲಿ ಲಸಿಕೆ ಹಾಕಲಾಯಿತು. ಮಹಾಮಾರಿ ಬರಲಿಲ್ಲ. ನರಗಳ ಮೇಲೆ ದೇಹದ ರೋಗನಿರೋಧಕ ವ್ಯವಸ್ಥೆಯೇ ದಾಳಿ ಮಾಡುವ ಗಿಯಾನ್-ಬಾರೆ ಕಾಯಿಲೆ ಮಾತ್ರ ಲಸಿಕೆ ಪಡೆದವರಲ್ಲಿ ಲಕ್ಷಕ್ಕೆ ಸುಮಾರು ಒಬ್ಬರಂತೆ ಹೆಚ್ಚಾಗಿ ಕಾಣಿಸಿಕೊಂಡಿತು, ಆ ಡಿಸೆಂಬರಿನಲ್ಲಿ ಕಾರ್ಯಕ್ರಮವನ್ನು ನಿಲ್ಲಿಸಲಾಯಿತು. ಇಂದಿನ ಲಸಿಕೆಗಳಲ್ಲಿ ಇಂತಹ ಹೆಚ್ಚಳ ಇದ್ದರೂ ಹತ್ತು ಲಕ್ಷಕ್ಕೆ ಒಂದೋ ಎರಡೋ ಎಂಬಷ್ಟು. ಅದಕ್ಕಿಂತ ಹೆಚ್ಚಿನ ಪ್ರಮಾಣದಲ್ಲಿ ಇದೇ ಕಾಯಿಲೆಯನ್ನು ತರುವುದು ಫ್ಲೂ ಸೋಂಕೇ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಫ್ಲೂ ಪ್ರತಿ ವರ್ಷ 2.9ರಿಂದ 6.5 ಲಕ್ಷ ಜನರನ್ನು ಉಸಿರಾಟದ ತೊಂದರೆಯಿಂದ ಬಲಿ ತೆಗೆದುಕೊಳ್ಳುತ್ತದೆ ಎಂಬುದನ್ನು ಎದುರಿಗಿಟ್ಟುಕೊಂಡೇ ನಾನು ಪ್ರತಿ ವರ್ಷ ತೋಳು ಒಡ್ಡುತ್ತೇನೆ.

ತೀವ್ರ ಅಲರ್ಜಿ ಹತ್ತು ಲಕ್ಷ ಡೋಸುಗಳಿಗೆ ಒಂದರ ಆಸುಪಾಸಿನಲ್ಲಿ ಆಗುತ್ತದೆ, ಆದಾಗ ಸಾಮಾನ್ಯವಾಗಿ ನಿಮಿಷಗಳಲ್ಲೇ ಆಗುತ್ತದೆ. ಚುಚ್ಚಿದ ಮೇಲೆ ಕುಳಿತಿರಿ ಎನ್ನುವುದಕ್ಕೆ ಅದೊಂದು ಕಾರಣ, ಸೂಜಿ ಕಂಡು ತಲೆ ಸುತ್ತಿ ಬೀಳುವವರು ಇನ್ನೊಂದು ಕಾರಣ. ಸೂಜಿ ಭುಜದ ತೀರಾ ಮೇಲ್ಭಾಗಕ್ಕೆ ಹೋದರೆ ಸ್ನಾಯುವಿನ ಬದಲು ಕೀಲಿನ ಬಳಿಯ ದ್ರವಚೀಲಕ್ಕೆ ತಗುಲಿ, ನೋವು ವಾರಗಟ್ಟಲೆ ಉಳಿಯಬಹುದು; ಇದು ಲಸಿಕೆಯ ತಪ್ಪಲ್ಲ, ಚುಚ್ಚಿದ ಜಾಗದ ತಪ್ಪು, ಆದರೆ ಅನುಭವಿಸುವವರ ಪಾಲಿಗೆ ಪೂರ್ತಿ ನಿಜವಾದ ತೊಂದರೆ. ಉಸಿರಾಟ ಕಷ್ಟವಾದರೆ, ತುಟಿ-ಮುಖ ಊದಿದರೆ ತಡಮಾಡಬಾರದು. ಜ್ವರ ಮೂರು ದಿನ ದಾಟಿದರೆ, ಭುಜದ ನೋವು ಕೆಲವು ದಿನಗಳಾದರೂ ಇಳಿಯದಿದ್ದರೆ, ಕಾಲುಗಳಲ್ಲಿ ಬಲ ಕಡಿಮೆಯಾದಂತೆ ಅನ್ನಿಸಿದರೆ ವೈದ್ಯರಿಗೆ ತೋರಿಸಲೇಬೇಕು. ಮಿಕ್ಕಂತೆ, ತಣ್ಣೀರಿನ ಬಟ್ಟೆ ಒತ್ತಿ, ತೋಳನ್ನು ಆಗಾಗ ಮೆಲ್ಲಗೆ ಆಡಿಸುತ್ತಿದ್ದರೆ ಸಾಕಾಗುತ್ತದೆ. ನನಗೆ ಮಾತ್ರೆ ಬೇಕಾಗಲಿಲ್ಲ.

ಲಸಿಕೆಯ ದಿನಾಂಕ, ಯಾವ ತೋಳು, ಬ್ಯಾಚ್ ಸಂಖ್ಯೆ, ಯಾವ ಗಂಟೆಗೆ ಏನಾಯಿತು ಎಂಬುದನ್ನು ನಾನು ಒಂದು ಹಾಳೆಯಲ್ಲಿ ಗುರುತು ಹಾಕಿಟ್ಟುಕೊಂಡಿದ್ದೇನೆ. ಇದನ್ನು ಬರೆಯುವ ಹೊತ್ತಿಗೆ ಹನ್ನೊಂದು ದಿನ ಕಳೆದಿದೆ. ಚುಚ್ಚಿದ ಜಾಗ ಯಾವುದೆಂದು ಈಗ ಹುಡುಕಿದರೂ ಸಿಗುವುದಿಲ್ಲ, ಆದರೆ ಎಡಗಂಕುಳಿನ ದುಗ್ಧಗ್ರಂಥಿಗಳ ಒಳಗೆ, ಪ್ರತಿಕಾಯಗಳ ತಯಾರಿಗೆ ಕಾರಣವಾಗುವ ಬಿ-ಕೋಶಗಳು ಇನ್ನೂ ವಿಭಜನೆಯಾಗುತ್ತಲೇ ಇವೆ. ಅವುಗಳ ಕೆಲಸ ಇನ್ನೂ ಕೆಲವು ವಾರ ನಡೆಯುತ್ತದೆ.