ಮಾದರಿ ಕೈಗೆ ಸಿಗದಿದ್ದರೆ ಉಪಕರಣ ಏನು ಮಾಡಬೇಕು?

ಧೂಮಕೇತುವಿನ ಮೇಲಿಳಿಯುವ ನೌಕೆಗೆ ಉಪಕರಣ ರೂಪಿಸುವಾಗ ಸಂವೇದಕದ ಸೂಕ್ಷ್ಮತೆಯೇ ದೊಡ್ಡ ಸವಾಲೆಂದು ಈ ವೃತ್ತಿಗೆ ಹೊಸದಾಗಿ ಬಂದವರು ಭಾವಿಸುವುದುಂಟು. ಅಣುಗಳನ್ನು ಅವುಗಳ ದ್ರವ್ಯರಾಶಿಯಿಂದ ಗುರುತಿಸುವ ಮಾಸ್ ಸ್ಪೆಕ್ಟ್ರೋಮೀಟರುಗಳ ಒಡನಾಟದಲ್ಲೇ ವರ್ಷಗಳನ್ನು ಕಳೆದ ನನ್ನನ್ನು ಕೇಳಿದರೆ, ಅಳೆಯಬೇಕಾದ ವಸ್ತುವನ್ನು ಉಪಕರಣದ ಬಾಯಿಯವರೆಗೆ ತಲುಪಿಸುವುದೇ ಅದಕ್ಕಿಂತ ಕಷ್ಟದ ಕೆಲಸ. 2014ರ ನವೆಂಬರ್ 12ರಂದು 67ಪಿ ಧೂಮಕೇತುವಿನ ಮೇಲಿಳಿದ ಐರೋಪ್ಯ ಬಾಹ್ಯಾಕಾಶ ಸಂಸ್ಥೆಯ ಫೀಲೇ ನೌಕೆಯನ್ನು ಈ ದೃಷ್ಟಿಯಿಂದ ನೋಡಬೇಕು.

ಸುಮಾರು 100 ಕೆ.ಜಿ. ತೂಕದ ಆ ನೌಕೆಯಲ್ಲಿ ಹತ್ತು ಉಪಕರಣಗಳಿದ್ದವು. ಅವುಗಳಲ್ಲೊಂದಾದ, ಅನಿಲಗಳನ್ನು ವಿಶ್ಲೇಷಿಸುವ ಬ್ರಿಟನ್ನಿನ ಟಾಲೆಮಿ ಶೂ ಪೆಟ್ಟಿಗೆಯಷ್ಟು ದೊಡ್ಡದು, ತೂಕ ನಾಲ್ಕೂವರೆ ಕೆ.ಜಿ.ಯ ಆಸುಪಾಸು. ವಿದ್ಯುದಾವೇಶದ ಅಣುಗಳನ್ನು ವಿದ್ಯುತ್ ಕ್ಷೇತ್ರದಲ್ಲೇ ಹಿಡಿದು ಬೇರ್ಪಡಿಸುವ, ಭಾರವಾದ ಅಯಸ್ಕಾಂತ ಬೇಡದ ಅಯಾನ್ ಬಲೆಯನ್ನು ಆರಿಸಿಕೊಂಡದ್ದರಿಂದ ಒಂದಿಡೀ ರಸಾಯನ ಪ್ರಯೋಗಾಲಯವನ್ನು ಅಷ್ಟು ಚಿಕ್ಕದಾಗಿಸುವುದು ಸಾಧ್ಯವಾಯಿತು. ಆದರೆ ಟಾಲೆಮಿಗೂ ಅದರಂತೆಯೇ ಅನಿಲ ವಿಶ್ಲೇಷಿಸುವ ಜೊತೆಗಾರ ಕೊಸ್ಯಾಕ್‌ಗೂ ಘನ ಮಾದರಿಯನ್ನು ಉಣಿಸಬೇಕಾದದ್ದು ಇಟಲಿಯ ಕೊರೆಯುವ ಯಂತ್ರ: ಅದು 23 ಸೆಂ.ಮೀ.ವರೆಗೆ ಕೊರೆದು, ಚಿಟಿಕೆಯಷ್ಟು ಪುಡಿಯನ್ನು ತಿರುಗುವ ತಟ್ಟೆಯ ಮೇಲಿನ 26 ಪುಟಾಣಿ ಒಲೆಗಳಲ್ಲೊಂದಕ್ಕೆ ಹಾಕಬೇಕು, ಒಲೆ ಕಾಯಬೇಕು, ಎದ್ದ ಅನಿಲ ಕೊಳವೆಯ ಮೂಲಕ ಒಳಹೋಗಬೇಕು. ಈ ಸರಪಳಿಯ ಒಂದು ಕೊಂಡಿ ಕಳಚಿದರೂ ಉಳಿದ ಕೊಂಡಿಗಳೆಲ್ಲ ವ್ಯರ್ಥ.

ಕಳಚಿದ್ದು ಮೊದಲ ಕೊಂಡಿಯೇ. ಅಲ್ಲಿನ ಗುರುತ್ವದಲ್ಲಿ ಫೀಲೇಯ ಭಾರ ನಮ್ಮಲ್ಲಿ ಒಂದೆರಡು ಗ್ರಾಂ ತೂಗುವ ವಸ್ತುವಿನಷ್ಟೇ ಆದ್ದರಿಂದ, ಕಚ್ಚಿಕೊಳ್ಳಲು ಆಸರೆಯಿಲ್ಲದೆ ಕೆಳಗೆ ಒತ್ತಿದರೆ ನೌಕೆಯೇ ಮೇಲೇಳುತ್ತದೆ. ಆಸರೆಗೆಂದು ಇಟ್ಟಿದ್ದ ಹಾರ್ಪೂನುಗಳು ಸಿಡಿಯಲಿಲ್ಲ, ನೌಕೆಯನ್ನು ನೆಲಕ್ಕೆ ಒತ್ತಿಹಿಡಿಯಬೇಕಿದ್ದ ಅನಿಲ ನೂಕುಯಂತ್ರವೂ ಕೆಲಸ ಮಾಡಲಿಲ್ಲ. ಫೀಲೇ ಪುಟಿದು, ಸುಮಾರು ಎರಡು ಗಂಟೆ ತೇಲಿ, ಬಂಡೆಯ ನೆರಳಿನಲ್ಲಿ ವಾಲಿ ನಿಂತಿತು. ಕೊರೆಯುವ ಯಂತ್ರ ಆಜ್ಞೆಯಂತೆ ಕೆಳಗಿಳಿದು ಮರಳಿತಾದರೂ ಒಲೆಯಲ್ಲಿ ಮಾದರಿ ಇತ್ತೆಂಬುದಕ್ಕೆ ಪುರಾವೆ ಸಿಗಲಿಲ್ಲ. ಉಷ್ಣ ಅಳೆಯುವ ಮ್ಯೂಪಸ್ ಸುತ್ತಿಗೆ ಹೊಡೆತದಿಂದ ನೆಲಕ್ಕಿಳಿಯಲು ಹೆಣಗಿ ಸೋತಿತು. (2023ರಲ್ಲಿ ಚಂದ್ರಯಾನ-3ರ ಚೇಸ್ಟ್ ಉಪಕರಣವು ಸುತ್ತಿಗೆಯನ್ನು ಬಿಟ್ಟು ಮೋಟಾರಿನ ಒತ್ತಡದಿಂದ ತನ್ನ ಶೋಧಕವನ್ನು ಚಂದ್ರನ ಮಣ್ಣಿಗೆ ಇಳಿಸಿತು. ಚಂದ್ರನ ಗುರುತ್ವ ಅದರ ಬೆನ್ನಿಗಿತ್ತು ಎಂಬುದನ್ನೂ ಹೇಳಬೇಕು.)

ಹೀಗಿದ್ದೂ ರಸಾಯನ ವಿಜ್ಞಾನಿಗಳು ಬರಿಗೈಯಲ್ಲಿ ಮರಳಲಿಲ್ಲ. ನೌಕೆಯ ತಳದಲ್ಲಿ ಕೊಸ್ಯಾಕ್‌ನ ಅನಿಲವನ್ನು ಹೊರಬಿಡಲು ಇಟ್ಟಿದ್ದ ಕೊಳವೆಗಳಿದ್ದವು. ಮೊದಲ ಬಡಿತಕ್ಕೆ ಎದ್ದ ಧೂಳು ಆ ಕೊಳವೆಗಳಿಗೇ ನುಗ್ಗಿತು. ಸುಮಾರು 25 ನಿಮಿಷಗಳ ಬಳಿಕ, ನೌಕೆ ಇನ್ನೂ ತೇಲುತ್ತಿದ್ದಾಗಲೇ, ಕೊಸ್ಯಾಕ್ ಮೊದಲೇ ಬರೆದಿಟ್ಟಿದ್ದ ಆಜ್ಞೆಯಂತೆ ವಾಸನೆ ನೋಡಿತು. 16 ಸಂಯುಕ್ತಗಳು ಗುರುತಿಗೆ ಸಿಕ್ಕವು. ಅಸಿಟೋನ್, ಅಸಿಟಮೈಡ್ ಸೇರಿದಂತೆ ನಾಲ್ಕನ್ನು ಅದುವರೆಗೆ ಯಾವ ಧೂಮಕೇತುವಿನಲ್ಲೂ ಕಂಡಿರಲಿಲ್ಲ. ಮೇಲ್ಭಾಗದಲ್ಲಿ ತೆರೆದಿದ್ದ ಟಾಲೆಮಿಯ ಕೊಳವೆಗೆ ಹೆಚ್ಚಾಗಿ ಅನಿಲವೇ ಸಿಕ್ಕಿತು. ಧೂಳು ಒಳಬಂದದ್ದು ಅದೃಷ್ಟವೇ ಇರಬಹುದು. ಮಾದರಿಯಿಲ್ಲದೆಯೂ ನಡೆಯುವ ಆ ಕ್ರಮವನ್ನು ತಂತ್ರಾಂಶದಲ್ಲಿ ಸೇರಿಸಿದ್ದನ್ನು ನಾನು ಅದೃಷ್ಟವೆನ್ನಲಾರೆ. ಟಾಲೆಮಿ ತಂಡವಂತೂ ತನ್ನ ಒಂದು ಒಲೆಯಲ್ಲಿ ಅನಿಲ ಹೀರುವ ಇಂಗಾಲವನ್ನು ತುಂಬಿ, ಕೊರೆಯುವ ಯಂತ್ರದ ಹಂಗಿಲ್ಲದ ದಾರಿಯೊಂದನ್ನು ಉಳಿಸಿಕೊಂಡಿತ್ತು.

ಆದರೆ ಮೂಸುವ ಉಪಕರಣಕ್ಕೆ ತನ್ನದೇ ಮೈವಾಸನೆ ಶತ್ರು. 2004ರಲ್ಲಿ ಹೊರಟ ತಾಯಿನೌಕೆ ರೊಸೆಟ್ಟಾ ವರ್ಷಗಳ ಪಯಣದ ನಂತರವೂ ನೀರಾವಿ ಮತ್ತು ಸಾವಯವ ಅನಿಲಗಳನ್ನು ಬಿಡುತ್ತಲೇ ಇದ್ದುದನ್ನು ಅದರಲ್ಲಿದ್ದ ಅನಿಲ ಅಳೆಯುವ ರೊಸಿನಾ ಉಪಕರಣವೇ ಅಳೆದಿತ್ತು. ನಮ್ಮ ನಿರ್ವಾತ ಕೋಠಿಯಲ್ಲೊಮ್ಮೆ ಅಳತೆಯ ನಕ್ಷೆಯ ಮೇಲೆ ಹೈಡ್ರೋಕಾರ್ಬನ್ನಿನ ಶಿಖರಗಳು ಹದಿನಾಲ್ಕು ದ್ರವ್ಯರಾಶಿ ಮಾನದ ಅಂತರದಲ್ಲಿ ಬಾಚಣಿಗೆಯ ಹಲ್ಲಿನಂತೆ ಸಾಲಾಗಿ ನಿಂತು, ಕೋಠಿಯನ್ನು ಎರಡು ದಿನ ಕಾಯಿಸಿದರೂ ಇಳಿಯಲಿಲ್ಲ. ಕೋಠಿ ಬಿಚ್ಚಿ ನೋಡಿದಾಗ ಒಳಗಿನ ಚಾಚುಪಟ್ಟಿಯ (ಫ್ಲ್ಯಾಂಜ್) ಅಂಚಿನಲ್ಲಿ, ಓರೆಯಾಗಿ ಹಾಯಿಸಿದ ಬೆಳಕಿಗೆ, ಒಂದು ಹೆಬ್ಬೆರಳಿನ ಜಿಡ್ಡಿನ ಗುರುತು ಮಿನುಗಿತು. ಅದು ನನ್ನದೇ ಆಗಿತ್ತು.