ಲಾಡ್ಜಿನ ಬಾಗಿಲು ತಟ್ಟಿ ‘ಖಾಲಿ ಮಾಡಿ’ ಅಂದಾಗ: ಜೊತೆಗೆ ಕಾನೂನು ಓದುವವರಿಗೊಂದು ಟಿಪ್ಪಣಿ

ಒಂದೂವರೆ ವರ್ಷದ ಹಿಂದೆ ಅಮ್ಮನ ಕಣ್ಣಿನ ಆಪರೇಷನ್ನಿಗೆ ಮಂಗಳೂರಿಗೆ ಹೋಗಿದ್ದೆವು. ಕಾಸರಗೋಡಿನ ನಮಗೆ ದೊಡ್ಡ ಆಸ್ಪತ್ರೆ ಎಂದರೆ ಮೊದಲಿನಿಂದಲೂ ಮಂಗಳೂರೇ. ಹತ್ತಿರದ ಒಂದು ಲಾಡ್ಜಿನಲ್ಲಿ ನಾಲ್ಕು ದಿನಕ್ಕೆ ರೂಮು ಹಿಡಿದು ಪೂರ್ತಿ ಹಣ ಮೊದಲೇ ಕಟ್ಟಿದ್ದೆ. ಎರಡನೆಯ ರಾತ್ರಿ ಹತ್ತೂವರೆಗೆ ಮ್ಯಾನೇಜರು ಬಾಗಿಲು ತಟ್ಟಿದರು. “ಸ್ಟೇಷನ್ನಿನಿಂದ ಫೋನ್ ಬಂದಿದೆ. ನಾಳೆ ಯಾರೋ ದೊಡ್ಡವರು ಬರ್ತಾರಂತೆ. ಬೆಳಿಗ್ಗೆ ಆರರೊಳಗೆ ಎಲ್ಲ ರೂಮೂ ಖಾಲಿ ಆಗಬೇಕಂತೆ.” ಕಣ್ಣಿಗೆ ಪಟ್ಟಿ ಕಟ್ಟಿಕೊಂಡಿದ್ದ ಅಮ್ಮನ ಕೈ ಹಿಡಿದು ನಸುಕಿನಲ್ಲಿ ಆಟೋ ಹುಡುಕಿದ್ದು ಇವತ್ತಿಗೂ ಮರೆತಿಲ್ಲ. ಕಾಗದ ಒಂದೂ ಕೊಡಲಿಲ್ಲ, ಉಳಿದ ಎರಡು ದಿನದ ಹಣವನ್ನೂ ಕೊಡಲಿಲ್ಲ. “ಪೊಲೀಸರೇ ಹೇಳಿದ ಮೇಲೆ ನಾನೇನು ಮಾಡಲಿ?” ಎಂದರು.

ಆಗ ನಾನು ಕಾನೂನಿನ ಮೊದಲ ವರ್ಷದಲ್ಲಿದ್ದೆ. ಕೇಳಬೇಕಾದ ಪ್ರಶ್ನೆ ಯಾವುದು ಎಂಬುದೇ ಗೊತ್ತಿರಲಿಲ್ಲ. ಆಮೇಲೆ ಓದಿ ತಿಳಿದದ್ದನ್ನು ಇಲ್ಲಿ ಬರೆದಿದ್ದೇನೆ.

ಖಾಲಿ ಮಾಡಿಸುತ್ತಿರುವುದು ಯಾರು?

‘ಪೊಲೀಸರಿಗೆ ಅಧಿಕಾರ ಇದೆಯೇ ಇಲ್ಲವೇ’ ಎಂದು ಕೇಳುತ್ತ ಕೂತರೆ ಎಲ್ಲಿಗೂ ತಲುಪುವುದಿಲ್ಲ. ರೂಮಿನಿಂದ ನಮ್ಮನ್ನು ಹೊರಡಿಸುವ ಆದೇಶ ಯಾರ ಹೆಸರಿನಲ್ಲಿ ಬಂದಿದೆ ಎಂದು ಕೇಳಬೇಕು. ಲಾಡ್ಜಿನ ಮಾಲಕರೇ ಬೇಡ ಎನ್ನುತ್ತಿರಬಹುದು. ಮ್ಯಾಜಿಸ್ಟ್ರೇಟರ ಆದೇಶ ಇರಬಹುದು. ನೆರೆ, ಬೆಂಕಿ, ಸಾಂಕ್ರಾಮಿಕ ರೋಗದ ಕಾಲದಲ್ಲಿ ಕಲೆಕ್ಟರರ ಆದೇಶ ಇರಬಹುದು. ಈ ಮೂರರಲ್ಲಿ ಯಾವುದೂ ಇಲ್ಲದೆ ಪೊಲೀಸ್ ಅಧಿಕಾರಿಯೊಬ್ಬರು ತಾವಾಗಿಯೇ ‘ಹೊರಡಿ’ ಎಂದರೆ, ಆ ಮಾತಿಗೆ ಬಲ ಕೊಡುವ ಕಲಮು ಯಾವುದೆಂದು ಹುಡುಕಬೇಕು. ಬಹಳ ಸಲ ಅಂಥ ಕಲಮು ಸಿಗುವುದಿಲ್ಲ. ಅದಕ್ಕೇ ಮಾತು ಅತಿಥಿಗೆ ನೇರ ಬರದೆ ಮಾಲಕರ ಫೋನಿಗೆ ಹೋಗುತ್ತದೆ. ನಮ್ಮ ವಿಷಯದಲ್ಲೂ ಹಾಗೆಯೇ ಆಯಿತು: ಪೊಲೀಸರು ನಮ್ಮ ಮುಖ ನೋಡಲಿಲ್ಲ, ನಾವು ಅವರ ಮುಖ ನೋಡಲಿಲ್ಲ.

ಮಾಲಕರು ಮತ್ತು ನಾವು

ಲಾಡ್ಜಿನ ರೂಮಿಗೆ ಹಣ ಕೊಟ್ಟವನು ಸಾಮಾನ್ಯವಾಗಿ ಬಾಡಿಗೆದಾರ ಅಲ್ಲ, ಲೈಸೆನ್ಸುದಾರ, ಎಂದರೆ ಮಾಲಕರ ಅನುಮತಿಯಿಂದ ಜಾಗ ಬಳಸುವವನಷ್ಟೇ. ಮನೆ ಬಾಡಿಗೆಗೆ ಹಿಡಿದವನಿಗೆ ಇರುವ ರಕ್ಷಣೆ ಅವನಿಗಿಲ್ಲ. ಹಾಗೆಂದು ಏನೂ ಇಲ್ಲವೆಂದಲ್ಲ. ಇಲ್ಲಿ ಓದಬೇಕಾದ್ದು, ಇನ್ನೊಬ್ಬರ ಜಾಗವನ್ನು ಬಳಸುವ ಹಕ್ಕುಗಳ ಬಗ್ಗೆ ಹೇಳುವ 1882ರ ಈಸ್‌ಮೆಂಟ್ಸ್ ಕಾಯ್ದೆ. ಆಗ ಕಾಸರಗೋಡು ಮದ್ರಾಸ್ ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಯಲ್ಲೇ ಇತ್ತು, 1956ರ ನವೆಂಬರ್ 1ರ ತನಕವೂ ಹಾಗೇ ಇತ್ತು. ಹಾಗಾಗಿ ಮಂಗಳೂರಿಗೂ ನಮಗೂ ಈ ಕಾಯ್ದೆ ಒಟ್ಟಿಗೇ ಬಂದದ್ದು. ಗಡಿ ಎಳೆದ ಮೇಲೂ ಅದು ಬದಲಾಗಲಿಲ್ಲ.

52ನೇ ಕಲಮು ಲೈಸೆನ್ಸ್ ಎಂದರೇನೆಂದು ಹೇಳುತ್ತದೆ. 60ನೇ ಕಲಮಿನ ಪ್ರಕಾರ ಮಾಲಕರು ಅದನ್ನು ಹಿಂತೆಗೆದುಕೊಳ್ಳಬಹುದು. ಇದು ನಮಗೆ ರುಚಿಸದ ಮಾತು, ಆದರೆ ಒಪ್ಪಿಕೊಂಡೇ ಮುಂದೆ ಹೋಗಬೇಕು: ಮಾಲಕರು ಬೇಡವೆಂದ ಮೇಲೆ ರೂಮಿನಲ್ಲೇ ಕೂರುವ ಹಕ್ಕು ತೀರ ದುರ್ಬಲ. ಬಲ ಇರುವುದು ಮುಂದಿನ ಎರಡು ಕಲಮುಗಳಲ್ಲಿ. 63ರ ಪ್ರಕಾರ, ಹೊರಡಲು ಮತ್ತು ಸಾಮಾನು ತೆಗೆದುಕೊಳ್ಳಲು ನ್ಯಾಯವಾದ ಸಮಯ ಕೊಡಬೇಕು. 64ರ ಪ್ರಕಾರ, ಹಣ ಕೊಟ್ಟು ಪಡೆದ ಲೈಸೆನ್ಸಿನ ಅವಧಿ ಮುಗಿಯುವ ಮೊದಲೇ, ತನ್ನ ತಪ್ಪಿಲ್ಲದೆ, ಲೈಸೆನ್ಸ್ ಕೊಟ್ಟವರು ಹೊರಹಾಕಿದರೆ ಅವರಿಂದ ಪರಿಹಾರ ಕೇಳಬಹುದು. ಆಪರೇಷನ್ ಆದ ಮುದುಕಿಗೆ ಬೆಳಿಗ್ಗೆ ಆರು ಗಂಟೆ ನ್ಯಾಯವಾದ ಸಮಯವೇ? ಅಲ್ಲವೆಂದೇ ನನ್ನ ನಿಲುವು.

‘ಪೊಲೀಸರು ಹೇಳಿದರು’ ಎಂಬುದು ಮಾಲಕರಿಗೆ ಉತ್ತರವಾಗುತ್ತದೆಯೇ? ಲಿಖಿತ, ಕಾನೂನುಬದ್ಧ ಆದೇಶ ಇದ್ದರೆ ಅವರು ಬಹುಮಟ್ಟಿಗೆ ಪಾರಾಗುತ್ತಾರೆ. ಆಗಲೂ 1872ರ ಕರಾರು ಕಾಯ್ದೆಯ 56 ಮತ್ತು 65ನೇ ಕಲಮುಗಳನ್ನು ಜೋಡಿಸಿ ಓದಿ. ಮಾಡಲು ಅಸಾಧ್ಯವಾಗಿ ಕರಾರು ಬಿದ್ದುಹೋದರೆ, ಅದರಿಂದ ಪಡೆದ ಲಾಭವನ್ನು ಹಿಂತಿರುಗಿಸಬೇಕು, ಎಂದರೆ ತಂಗದ ದಿನಗಳ ಹಣ ವಾಪಸು ಬರಬೇಕು. ಬರೀ ಫೋನ್ ಕರೆಯಾಗಿದ್ದರೆ ಮಾಲಕರು ಅದರ ಹಿಂದೆ ಅಡಗಿಕೊಳ್ಳಲು ಬಿಡಬಾರದು.

ರೂಮು ಕೊಡುವಾಗಲೇ ಆಗುವ ಭೇದದ ಬಗ್ಗೆ ಒಂದು ಮಾತು. ಸಂವಿಧಾನದ 15(2)ನೇ ವಿಧಿಯಲ್ಲಿ ಅಂಗಡಿ, ಉಪಾಹಾರ ಗೃಹಗಳ ಸಾಲಿನಲ್ಲೇ ಹೋಟೆಲಿನ ಹೆಸರೂ ಇದೆ. ಧರ್ಮ, ಜಾತಿ, ಲಿಂಗ, ಹುಟ್ಟಿದ ಊರು ಇವುಗಳ ಆಧಾರದ ಮೇಲಷ್ಟೇ ಪ್ರವೇಶ ತಡೆಯುವಂತಿಲ್ಲ. ಹೆಚ್ಚಿನ ಮೂಲಭೂತ ಹಕ್ಕುಗಳು ಸರಕಾರದ ಎದುರು ನಿಲ್ಲುತ್ತವೆ, ಇದು ಖಾಸಗಿ ಮಾಲಕರ ಎದುರೂ ನಿಲ್ಲುತ್ತದೆ. ಪರೀಕ್ಷೆಗೆ ಇದನ್ನು ಗುರುತು ಹಾಕಿಕೊಳ್ಳಿ.

ಮ್ಯಾಜಿಸ್ಟ್ರೇಟರು, ಕಲೆಕ್ಟರರು

ಅಪಾಯ, ಗಲಭೆ ತಡೆಯಲು ತುರ್ತು ನಿರ್ಬಂಧ ಹೇರುವ, ದಂಡ ಪ್ರಕ್ರಿಯಾ ಸಂಹಿತೆಯ ಹಳೆಯ 144ನೇ ಕಲಮು 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163 ಆಗಿದೆ. ಆದೇಶ ಲಿಖಿತವಾಗಿರಬೇಕು, ಕಾರಣದ ಸಂಗತಿಗಳು ಅದರಲ್ಲಿರಬೇಕು, ಹೊರಡಿಸುವುದು ಮ್ಯಾಜಿಸ್ಟ್ರೇಟರು. ಸ್ಟೇಷನ್ನಿನ ಪೊಲೀಸರು ಅದನ್ನು ಜಾರಿ ಮಾಡುವವರಷ್ಟೇ. ಹಾಗಾಗಿ ‘ಆದೇಶದ ಪ್ರತಿ ತೋರಿಸುತ್ತೀರಾ?’ ಎಂದು ಕೇಳುವುದು ಉದ್ಧಟತನವಲ್ಲ.

ವಿಪತ್ತಿನ ಕಾಲದ ಅಧಿಕಾರ 2005ರ ವಿಪತ್ತು ನಿರ್ವಹಣಾ ಕಾಯ್ದೆಯ 34ನೇ ಕಲಮಿನಿಂದ ಜಿಲ್ಲಾ ಪ್ರಾಧಿಕಾರಕ್ಕೆ ಬರುತ್ತದೆ. ಅದರ ಅಧ್ಯಕ್ಷರು ಕಲೆಕ್ಟರರು. 2020ರ ಮಾರ್ಚಿನಲ್ಲಿ ಕಾಸರಗೋಡು, ಮಂಗಳೂರಿನ ನಡುವಿನ ತಲಪಾಡಿ ಕಡೆಯ ಗಡಿ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದ್ದನ್ನು ಕಂಡವರಿಗೆ ಇಂಥ ಅಧಿಕಾರದ ಭಾರ ಹೇಳಿಕೊಡಬೇಕಾಗಿಲ್ಲ. ಕಟ್ಟಡ ಕುಸಿಯುವಂತಿದ್ದರೆ, ಬೆಂಕಿ ಬಿದ್ದಿದ್ದರೆ ಕಾಗದ ಕೇಳುತ್ತ ನಿಲ್ಲಬೇಡಿ. ಮೊದಲು ಹೊರಗೆ ಬನ್ನಿ.

ವೇಶ್ಯಾವಾಟಿಕೆಯ ಆರೋಪ ಬಂದ ಕಡೆ ಪೊಲೀಸರೇ ಎಲ್ಲ ಮಾಡಬಹುದೆಂದು ನಮ್ಮಲ್ಲಿ ಅನೇಕರ ನಂಬಿಕೆ. 1956ರ ಅನೈತಿಕ ಸಾಗಾಟ ತಡೆ ಕಾಯ್ದೆಯ 18ನೇ ಕಲಮು ಓದಿದರೆ ಆ ನಂಬಿಕೆ ಉಳಿಯದು. ದೇವಸ್ಥಾನ, ಶಾಲೆ, ಆಸ್ಪತ್ರೆಯಂಥ ಸ್ಥಳದಿಂದ 200 ಮೀಟರ್ ಒಳಗಿನ ಜಾಗದ ಬಗ್ಗೆ ದೂರು ಬಂದರೆ ಮ್ಯಾಜಿಸ್ಟ್ರೇಟರು ನೋಟಿಸು ಕೊಡಬೇಕು, ಕಾರಣ ಹೇಳಲು 7 ದಿನ ಕೊಡಬೇಕು, ವಿಚಾರಣೆ ಮಾಡಿದ ಮೇಲೆ ತೆರವಿಗೆ ಆದೇಶಿಸಬೇಕು. ಅಷ್ಟು ಗಂಭೀರ ಆರೋಪದಲ್ಲೂ ತೆರವಿನ ಆದೇಶ ಮ್ಯಾಜಿಸ್ಟ್ರೇಟರದ್ದೇ.

ಪೊಲೀಸರು ತಾವಾಗಿ ಮಾಡಬಹುದಾದ್ದು

ಹುಡುಕಾಟ ಮತ್ತು ಬಂಧನ ‘ಖಾಲಿ ಮಾಡಿ’ ಎನ್ನುವುದಕ್ಕಿಂತ ಪೂರ್ತಿ ಬೇರೆ ವಿಷಯ. ಇವುಗಳನ್ನು ಬೆರೆಸಿದರೆ ಉತ್ತರ ಕೆಡುತ್ತದೆ. ನಾಗರಿಕ ಸುರಕ್ಷಾ ಸಂಹಿತೆಯ 185ನೇ ಕಲಮಿನಡಿ ವಾರಂಟ್ ಇಲ್ಲದೆ ಹುಡುಕಬೇಕಾದರೆ ಅಧಿಕಾರಿ ಕಾರಣ ಬರೆದಿಡಬೇಕು. 103ರ ಪ್ರಕಾರ ಇಬ್ಬರು ಸ್ವತಂತ್ರ ಸಾಕ್ಷಿಗಳು, ವಶಪಡಿಸಿದ ವಸ್ತುಗಳ ಪಟ್ಟಿ, ಅದರ ಪ್ರತಿ. 105ರ ಪ್ರಕಾರ ವಿಡಿಯೊ ಚಿತ್ರೀಕರಣ. ಈಗ ಲಾಡ್ಜುಗಳಲ್ಲಿ ಮಾದಕ ವಸ್ತುವಿಗಾಗಿ ತಪಾಸಣೆ ಹೆಚ್ಚು. ಅದಕ್ಕೆ ಎನ್‌ಡಿಪಿಎಸ್ ಕಾಯ್ದೆಯ 42 ಮತ್ತು 50ನೇ ಕಲಮುಗಳು. ಮೈ ತಪಾಸಣೆಗೆ ಮುನ್ನ ಗೆಜೆಟೆಡ್ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟರ ಎದುರು ತಪಾಸಣೆ ಬೇಕೆಂದು ಕೇಳುವ ಹಕ್ಕಿದೆ. ಹೆಂಗಸರನ್ನು ಹೆಂಗಸರೇ ತಪಾಸಣೆ ಮಾಡಬೇಕು. ಕರ್ನಾಟಕದ ಮದ್ಯ ರೂಮಿನಲ್ಲಿ ಸಿಕ್ಕಿದರೆ ನಮ್ಮ ಜಿಲ್ಲೆಯಲ್ಲಿ ಅಬ್ಕಾರಿ ಕೇಸಾಗುತ್ತದೆ, ಅಲ್ಲಿ ಅತಿಥಿಯ ಹಕ್ಕಿನ ವಾದ ನಡೆಯದು.

ಜಾಗ್ರತೆ ಬೇಕಾದದ್ದು ಸಂಹಿತೆಯ 172ನೇ ಕಲಮಿನಲ್ಲಿ. ಇದು ಹೊಸತು, ಹಳೆಯ ನೋಟ್ಸಿನಲ್ಲಿ ಸಿಗದು. ಪೊಲೀಸರು ತಡೆಗಟ್ಟುವ ಕೆಲಸದಲ್ಲಿ ಕೊಡುವ ಕಾನೂನುಬದ್ಧ ನಿರ್ದೇಶನವನ್ನು ಎಲ್ಲರೂ ಪಾಲಿಸಬೇಕು, ಪಾಲಿಸದವರನ್ನು ತಡೆದಿಡಬಹುದು ಅಥವಾ ಅಲ್ಲಿಂದ ಹೊರಡಿಸಬಹುದು. ಹಾಗೆ ತಡೆದಿಟ್ಟವರನ್ನು ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು, ಸಣ್ಣ ಪ್ರಕರಣವಾದರೆ 24 ಗಂಟೆಯೊಳಗೆ ಬಿಡಬೇಕು. 2011ರ ಕೇರಳ ಪೊಲೀಸ್ ಕಾಯ್ದೆಯ 39ನೇ ಕಲಮೂ ಇದೇ ಧಾಟಿಯದು. ಎರಡರಲ್ಲೂ ತೂಕ ಇರುವುದು ‘ಕಾನೂನುಬದ್ಧ’ ಎಂಬ ಪದಕ್ಕೆ. ಮಂತ್ರಿಯ ಬೆಂಗಾವಲಿಗೆ ರೂಮು ಬೇಕು ಎಂಬುದು ಯಾವ ಅಪರಾಧವನ್ನು ತಡೆಯುತ್ತದೆ? ಈ ಪ್ರಶ್ನೆ ಕೋರ್ಟಿನಲ್ಲಿ ಕೇಳುವಂಥದ್ದು. ರಾತ್ರಿ ಹನ್ನೊಂದಕ್ಕೆ ಲಾಡ್ಜಿನ ಮೆಟ್ಟಿಲ ಮೇಲೆ ವಾದಕ್ಕೆ ನಿಂತರೆ ಕರ್ತವ್ಯಕ್ಕೆ ಅಡ್ಡಿ ಎಂಬ ಕೇಸು, ಎಂದರೆ ಭಾರತೀಯ ನ್ಯಾಯ ಸಂಹಿತೆಯ (ಹಳೆಯ ದಂಡ ಸಂಹಿತೆಯ ಜಾಗದಲ್ಲಿ ಬಂದದ್ದು) 221ನೇ ಕಲಮು, ನಮ್ಮ ಮೇಲೆಯೇ ಬೀಳಬಹುದು.

ರಾತ್ರಿ ಬಾಗಿಲು ತಟ್ಟುವ ವಿಷಯದಲ್ಲಿ ಹಳೆಯ ತೀರ್ಪೊಂದು ಓದಲೇಬೇಕು. 1962ರ ಖರಕ್ ಸಿಂಗ್ ಪ್ರಕರಣದಲ್ಲಿ, ರಾತ್ರಿ ಮನೆಗೆ ಹೋಗಿ ತಪಾಸಣೆ ಮಾಡಲು ಅವಕಾಶ ಕೊಟ್ಟಿದ್ದ ಉತ್ತರ ಪ್ರದೇಶದ ಪೊಲೀಸ್ ನಿಯಮವನ್ನು ಸುಪ್ರೀಂ ಕೋರ್ಟ್ ರದ್ದು ಮಾಡಿತು. ಖಾಸಗಿತನವೇ ಮೂಲಭೂತ ಹಕ್ಕು ಎಂದು ಒಂಬತ್ತು ನ್ಯಾಯಮೂರ್ತಿಗಳು ಪುಟ್ಟಸ್ವಾಮಿ ಪ್ರಕರಣದಲ್ಲಿ ಹೇಳಿದ್ದು 2017ರಲ್ಲಿ. 2025ರಲ್ಲಿ ಕೇರಳ ಹೈಕೋರ್ಟೂ, ಕಣ್ಗಾವಲಿನ ಹೆಸರಿನಲ್ಲಿ ರಾತ್ರಿ ಮನೆಬಾಗಿಲು ತಟ್ಟುವ ಹಕ್ಕು ಪೊಲೀಸರಿಗಿಲ್ಲ ಎಂದಿತು. ಇವು ಮನೆಯ ಬಗ್ಗೆ ಹೇಳಿದವು. ಒಂದು ರಾತ್ರಿಗೆ ಹಣ ಕೊಟ್ಟು ಚಿಲಕ ಹಾಕಿಕೊಂಡ ರೂಮಿಗೂ ಅದೇ ತರ್ಕ ಅನ್ವಯಿಸಬೇಕೆಂದು ವಾದಿಸಬಹುದು.

ಮದುವೆಯಾಗದ ಜೋಡಿ

ಹೆಚ್ಚು ಜನ ಹೆದರುವುದು ಇಲ್ಲಿ. 2019ರಲ್ಲಿ ಕೊಯಮತ್ತೂರಿನ ಸರ್ವೀಸ್ ಅಪಾರ್ಟ್‌ಮೆಂಟೊಂದಕ್ಕೆ ಅಧಿಕಾರಿಗಳು ಬೀಗಮುದ್ರೆ ಹಾಕಿದರು. ಮದುವೆಯಾಗದ ಜೋಡಿ ಒಂದು ರೂಮಿನಲ್ಲಿತ್ತು, ಇನ್ನೊಂದರಲ್ಲಿ ಮದ್ಯದ ಬಾಟಲಿ ಇತ್ತು ಎಂಬುದು ಕಾರಣ. ಅದೇ ಡಿಸೆಂಬರಿನಲ್ಲಿ ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿ ಎಂ.ಎಸ್. ರಮೇಶ್, ಮದುವೆಯಾಗದ ಗಂಡು ಹೆಣ್ಣು ಹೋಟೆಲ್ ರೂಮಿನಲ್ಲಿ ತಂಗಬಾರದೆಂಬ ಕಾನೂನೇ ಇಲ್ಲ ಎಂದು ಹೇಳಿ ಬೀಗ ತೆಗೆಸಿದರು. ಇದು ಮದ್ರಾಸಿನ ತೀರ್ಪು. ಕೇರಳದಲ್ಲಿ ಇದಕ್ಕೆ ಮನವೊಲಿಸುವ ಬೆಲೆ ಇದೆ, ಕಟ್ಟುಪಾಡು ಇಲ್ಲ, ಎಂದರೆ ಅಲ್ಲಿನ ಕೋರ್ಟುಗಳು ಇದನ್ನು ಪಾಲಿಸಲೇಬೇಕೆಂದಿಲ್ಲ. ಪರೀಕ್ಷೆಯಲ್ಲಿ ಈ ವ್ಯತ್ಯಾಸ ಬರೆಯದೆ ಅಂಕ ಕಳೆದುಕೊಳ್ಳುವವರು ಬಹಳ.

ಕೇರಳವನ್ನು ಕಟ್ಟಿಹಾಕುವುದು ಕೇರಳದಿಂದಲೇ ಸುಪ್ರೀಂ ಕೋರ್ಟಿಗೆ ಹೋದ 2018ರ ಎರಡು ತೀರ್ಪುಗಳು. ಶಫೀನ್ ಜಹಾನ್ ಪ್ರಕರಣ ಸಂಗಾತಿಯ ವಿಷಯದಲ್ಲಿ ವಯಸ್ಕರ ಆಯ್ಕೆಯನ್ನು ಎತ್ತಿಹಿಡಿಯಿತು. ನಂದಕುಮಾರ್ ಪ್ರಕರಣದಲ್ಲಿ ಹುಡುಗನಿಗೆ ಮದುವೆಯ ವಯಸ್ಸಾದ 21 ತುಂಬಿರಲಿಲ್ಲ. ಇಬ್ಬರೂ ವಯಸ್ಕರಾದ್ದರಿಂದ ಮದುವೆಯ ಹೊರಗೂ ಒಟ್ಟಿಗೆ ಬಾಳಬಹುದು ಎಂದಿತು ಕೋರ್ಟು. ಗುರುತಿನ ಚೀಟಿಯಲ್ಲಿ ಇಬ್ಬರಿಗೂ 18 ದಾಟಿದೆಯೇ ಎಂದು ನೋಡುವುದು ಸರಿ. ‘ಮನೆಯವರಿಗೆ ಫೋನ್ ಮಾಡಲೇ?’ ಎಂದು ಹೆದರಿಸುವುದಕ್ಕೆ ಯಾವ ಕಲಮೂ ಇಲ್ಲ. ಅದು ನನಗೆ ಅತಿ ಕ್ರೂರವೆನಿಸುವ ಮಾತು. ಬಿಡಲು ಹಣ ಕೇಳಿದರೆ ಕೇಳಿದವರ ಮೇಲೆಯೇ ಕೇಸಾಗಬೇಕು.

ಭಾಷೆ

ಪೊಲೀಸರು ಮಲಯಾಳದಲ್ಲಿ ಹೇಳುತ್ತಾರೆ, ನಮ್ಮ ಕಡೆಯ ಹಿರಿಯರು ತಲೆಯಾಡಿಸಿ ಸಹಿ ಹಾಕಿಬಿಡುತ್ತಾರೆ. ಅರ್ಥವಾಗದ ಭಾಷೆಯ ಕಾಗದಕ್ಕೆ ಸಹಿ ಬೇಡ. ಸ್ಥಾನಬದ್ಧತೆಯ (ಮುಂಜಾಗ್ರತೆಯ ಬಂಧನದ) ಕಾರಣಗಳನ್ನು ಇಂಗ್ಲಿಷಿನಲ್ಲಷ್ಟೇ ಕೊಟ್ಟದ್ದು ಸಾಲದು, ಬಂಧಿತನಿಗೆ ತಿಳಿಯುವ ಭಾಷೆಯಲ್ಲಿ ಕೊಡಬೇಕು ಎಂದು ಸುಪ್ರೀಂ ಕೋರ್ಟ್ 1962ರ ಹರಿಕಿಶನ್ ಪ್ರಕರಣದಲ್ಲೇ ಹೇಳಿದೆ. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯಡಿ ಭಾಷಾ ಅಲ್ಪಸಂಖ್ಯಾತ ಪ್ರದೇಶದ ಕನ್ನಡಿಗರು ಸರಕಾರಿ ಕಚೇರಿಗಳಿಗೆ ಕನ್ನಡದಲ್ಲೇ ಬರೆಯಬಹುದು. ದೂರನ್ನೂ ಕನ್ನಡದಲ್ಲೇ ಬರೆಯಿರಿ.

ಆ ರಾತ್ರಿ, ಮರುದಿನ

ಮೆಲುದನಿಯಲ್ಲಿ ಮೂರು ಕೇಳಿ: ನಿಮ್ಮ ಹೆಸರು ಮತ್ತು ಸ್ಟೇಷನ್, ಆದೇಶದ ಪ್ರತಿ, ನಾವು ಬಂಧನದಲ್ಲಿದ್ದೇವೆಯೇ. ಬಂಧನವೂ ಅಲ್ಲ, 172ರಡಿ ತಡೆದಿಟ್ಟದ್ದೂ ಅಲ್ಲ ಎಂದರೆ ಸ್ಟೇಷನ್ನಿಗೆ ಜೀಪು ಹತ್ತಬೇಕಾಗಿಲ್ಲ. ಹೆಣ್ಣುಮಕ್ಕಳನ್ನು ಸೂರ್ಯ ಮುಳುಗಿದ ಮೇಲೆ, ಅಸಾಧಾರಣ ಸಂದರ್ಭ ಬಿಟ್ಟರೆ, ಬಂಧಿಸುವಂತಿಲ್ಲ. ಅಂಥ ಸಂದರ್ಭದಲ್ಲೂ ಮಹಿಳಾ ಅಧಿಕಾರಿ ಮತ್ತು ಮ್ಯಾಜಿಸ್ಟ್ರೇಟರ ಮುಂಚಿತ ಅನುಮತಿ ಬೇಕು. ಕೇರಳದಲ್ಲಾದರೆ ಫೋನಿನಲ್ಲಿ ಚಿತ್ರೀಕರಿಸಿ: ಪೊಲೀಸ್ ಕಾಯ್ದೆಯ 33(2)ನೇ ಕಲಮು, ಕಾನೂನುಬದ್ಧವಾಗಿ ಚಿತ್ರೀಕರಿಸುವ ಸಾರ್ವಜನಿಕರನ್ನು ತಡೆಯಬಾರದೆಂದು ಪೊಲೀಸರಿಗೇ ಹೇಳುತ್ತದೆ. ತಲಪಾಡಿ ದಾಟಿದರೆ ಈ ಕಾಯ್ದೆ ನಮ್ಮ ಕೈಯಲ್ಲಿರುವುದಿಲ್ಲ. ಹೊರಡಲೇಬೇಕಾದರೆ ‘ಒಪ್ಪಿಗೆಯಿಲ್ಲದೆ ಹೊರಡುತ್ತಿದ್ದೇವೆ’ ಎಂದು ರಿಜಿಸ್ಟರಿನಲ್ಲಿ ಸಮಯ ಹಾಕಿ ಬರೆದು ಫೋಟೊ ತೆಗೆಯಿರಿ. ರಶೀದಿ ಬಿಡಬೇಡಿ. ಉಚಿತ ಕಾನೂನು ನೆರವಿಗೆ 15100.

ಪೊಲೀಸರ ವಿರುದ್ಧದ ದೂರು ಪೊಲೀಸ್ ದೂರು ಪ್ರಾಧಿಕಾರಕ್ಕೆ, ಗ್ರಾಹಕ ಆಯೋಗಕ್ಕಲ್ಲ. ಲಾಡ್ಜಿನ ವಿರುದ್ಧದ್ದು ಗ್ರಾಹಕ ಆಯೋಗಕ್ಕೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 34ನೇ ಕಲಮು ಗಡಿನಾಡಿನವರಿಗೆ ದೊಡ್ಡ ಉಪಕಾರ ಮಾಡಿದೆ: ದೂರುದಾರ ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಮಂಗಳೂರಿನ ಲಾಡ್ಜು ಕಾಸರಗೋಡಿಗೆ ಬಂದು ಉತ್ತರಿಸಬೇಕು. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. 69ನೇ ಕಲಮಿನ ಪ್ರಕಾರ ದೂರು ಕೊಡುವ ಅವಧಿ 2 ವರ್ಷ.

ಅಮ್ಮ ಆ ರಶೀದಿಯನ್ನು ಕಣ್ಣಿನ ಔಷಧಿಯ ಚೀಟಿಗಳ ಜೊತೆ ಇಟ್ಟುಕೊಂಡಿದ್ದರು. ಮೊನ್ನೆ ಹುಡುಕಿ ಕೊಟ್ಟರು. ದಿನಾಂಕ ಲೆಕ್ಕ ಹಾಕಿದರೆ ಇನ್ನೂ ಆರು ತಿಂಗಳಿದೆ. ದೂರಿನ ಕರಡಿನ ಮೊದಲ ಪುಟ ಬರೆದಾಗಿದೆ.