ಆ ಮುಳ್ಳು ಹುಳುವಿಗೆ ಔಷಧಿ ಕೇಳಬೇಡಿ

ಅರಸೀಕೆರೆ, ಚನ್ನರಾಯಪಟ್ಟಣದ ಕಡೆ ಪೂರ್ವ ಮುಂಗಾರಿನ ಅಲಸಂದೆ ಹೂವಿಗೆ ಬರುವ ಹೊತ್ತಿಗೆ ನನ್ನ ಮೇಜಿನ ಮೇಲೆ ಪ್ಲಾಸ್ಟಿಕ್ ಕವರುಗಳು ಸೇರತೊಡಗುತ್ತವೆ. ಒಳಗೆ ಕರಿ ಹೇನು ಮುತ್ತಿದ ಕುಡಿ. ಹೇನಿನ ಪರಿಚಯ ಎಲ್ಲರಿಗೂ ಇದೆ. ರೈತರು ಬೆರಳಿಟ್ಟು ತೋರಿಸುವುದು ಅದರ ನಡುವೆ ಚುರುಕಾಗಿ ಓಡಾಡುವ ಇನ್ನೊಂದನ್ನು: ಕಪ್ಪು ಮೈ, ಕಿತ್ತಳೆ ಚುಕ್ಕೆ, ಮೇಲೆಲ್ಲ ಮುಳ್ಳು. “ಮೇಡಂ, ಹೇನು ಹಾಗಿರಲಿ, ಮೊದಲು ಇದಕ್ಕೆ ಔಷಧಿ ಬರೆದುಕೊಡಿ.”

ಅದು ಗುಲಗಂಜಿ ಹುಳುವಿನ ಮರಿ. ಕೆಂಪು ಬೆನ್ನಿನ ದುಂಡು ಹುಳುವನ್ನು ಮಕ್ಕಳೂ ಗುರುತಿಸುತ್ತಾರೆ. ಅದು ರೈತನ ಮಿತ್ರ ಎಂದು ಸಭೆಗಳಲ್ಲಿ ನಾವೂ ಹೇಳುತ್ತಲೇ ಬಂದಿದ್ದೇವೆ. ಮರಿ ಮಾತ್ರ ತಾಯಿಯನ್ನು ಒಂದಿಷ್ಟೂ ಹೋಲುವುದಿಲ್ಲ, ನೋಡಲು ಪುಟ್ಟ ಮೊಸಳೆ. ದೊಡ್ಡದಾಗುವಷ್ಟರಲ್ಲಿ ನೂರಾರು ಹೇನುಗಳನ್ನು ತಿನ್ನುತ್ತದೆ. ಹೇನಿನ ಗುಂಪಿನ ಬಳಿ ಎಲೆಯಡಿಯಲ್ಲಿ ಒತ್ತಾಗಿ ನಿಂತಿರುವ ಹಳದಿ ಮೊಟ್ಟೆಗಳು ಬಹುತೇಕ ಇದರವೇ. ಅಲ್ಲಲ್ಲಿ ಉಬ್ಬಿ, ಕಂದು ಬಣ್ಣಕ್ಕೆ ತಿರುಗಿ ಅಲುಗಾಡದೆ ಕುಳಿತ ಹೇನು ಕಂಡರೆ ಅದರೊಳಗೆ ಪರಾವಲಂಬಿ ಕಣಜದ ಮರಿ ಬೆಳೆದಿದೆ ಎಂದರ್ಥ. ಬಿಳಿ ಹೊಟ್ಟಿನಂತೆ ಉದುರಿರುವುದು ಹೇನು ಕಳಚಿದ ಪೊರೆ, ಬೂಷ್ಟು ರೋಗವಲ್ಲ. ಇವನ್ನೆಲ್ಲ ಸೇರಿಸಿ ಎಣಿಸಿ ಗಾಬರಿಯಾಗುವವರೇ ಹೆಚ್ಚು.

ಕಂಡ ಕೂಡಲೇ ಸಿಂಪಡಿಸಿದರೆ ಹೇನೂ ಸಾಯುತ್ತದೆ, ಇವೂ ಸಾಯುತ್ತವೆ. ಆದರೆ ಮರಳಿ ಮೊದಲು ಬರುವುದು ಹೇನು. ನಮ್ಮ ಹವೆಯಲ್ಲಿ ಹೆಣ್ಣು ಹೇನಿಗೆ ಗಂಡಿನ ಹಂಗಿಲ್ಲ. ಮೊಟ್ಟೆಯನ್ನೂ ಇಡದೆ ನೇರವಾಗಿ ಮರಿ ಹಾಕುತ್ತದೆ, ಆ ಮರಿ ವಾರ ಹತ್ತು ದಿನದಲ್ಲಿ ತಾನೇ ತಾಯಿ. ಗುಲಗಂಜಿ ಹುಳು ಮೊಟ್ಟೆ, ಮರಿ, ಕೋಶ ಎಲ್ಲವನ್ನೂ ದಾಟಿ ಬರಬೇಕು.

ಬಾಣಾವರದ ಕಡೆಯ ಹಿರಿಯರೊಬ್ಬರು ಎರಡು ಕೀಟನಾಶಕದ ಜೊತೆ ಟಾನಿಕ್ಕನ್ನೂ ಬೆರೆಸಿ ಮತ್ತೆ ಮತ್ತೆ ಹೊಡೆದು, “ಔಷಧಿಯೇ ನಕಲಿ” ಎಂದು ಜಗಳಕ್ಕೆ ಬಂದರು. ಹೊಲಕ್ಕೆ ಹೋಗಿ ನೋಡಿದರೆ ಕುಡಿಗಳು ಹೇನಿನಿಂದ ಜಿನುಗುತ್ತಿವೆ, ಹುಡುಕಿದರೂ ಒಂದು ಗುಲಗಂಜಿಯಿಲ್ಲ. ಮನೆ ಬೇಲಿಗೆ ಹಬ್ಬಿದ್ದ ಅಲಸಂದೆ ಮಾತ್ರ ನಳನಳಿಸುತ್ತಿತ್ತು. ಅದಕ್ಕೇನು ಹೊಡೆದಿರಿ ಎಂದೆ. “ಅದು ಹೆಂಗಸರ ಗಿಡ ಮೇಡಂ, ಅದಕ್ಕೆ ಯಾರು ದುಡ್ಡು ಹಾಕುತ್ತಾರೆ?” ಒಂದು ಬೇಲಿಯನ್ನು ನೋಡಿ ನಿಯಮ ಮಾಡಲಾಗದು, ಒಪ್ಪುತ್ತೇನೆ. ಆದರೂ ಅವರ ಮನೆಯಾಕೆ ಬಾಗಿಲಲ್ಲಿ ನಿಂತು ನಕ್ಕಿದ್ದು ಸರಿಯಾಗಿಯೇ ಇತ್ತು.

ಮೊಬೈಲ್ ನೋಡಿ ಬರುವ ಹುಡುಗರದು ಇನ್ನೊಂದು ಅತಿ. ಗಿಡಕ್ಕೆ 250 ಹೇನು ಆಗುವವರೆಗೆ ಕಾಯಬೇಕಂತೆ! ಆ ಲೆಕ್ಕ ಅಮೆರಿಕದ ಸೋಯಾ ಅವರೆಯದು. ಅಲ್ಲಿಗೆ 2000ರಲ್ಲಿ ಕಾಲಿಟ್ಟ ಬೇರೆಯೇ ಜಾತಿಯ ಹೇನಿಗೆ ಕಟ್ಟಿದ್ದು. ಅಲ್ಲಿಯೂ ಹೆಚ್ಚಿನ ಗಿಡಗಳಲ್ಲಿ ಅಷ್ಟಿದ್ದು, ಸಂಖ್ಯೆ ಏರುತ್ತಿರಬೇಕು. ಅಲಸಂದೆಗೆ ಅದನ್ನು ಅಂಟಿಸಬೇಡಿ. ನಮ್ಮ ಕರಿ ಹೇನು ಮೊಸಾಯಿಕ್ ಎಂಬ ನಂಜು ರೋಗವನ್ನೂ ಹರಡುತ್ತದೆ.

ಎಳೆ ಸಸಿಗಳು ಮುರುಟುತ್ತಿದ್ದು, ಇರುವೆ ಸಾಲುಗಟ್ಟಿ, ಹೇನನ್ನು ತಿನ್ನುವ ಕೀಟಗಳೇ ಕಾಣದಿದ್ದರೆ ಕಾಯುವುದು ತರವಲ್ಲ. ಮುತ್ತಿದ ಕುಡಿಗಳನ್ನು ಚಿವುಟಿ ತೆಗೆಯಿರಿ, ಬೇವಿನೆಣ್ಣೆಯಿಂದ ಆರಂಭಿಸಿ. ರಾಸಾಯನಿಕವೇ ಬೇಕಾದರೆ ಬೆಳೆಗೆ ಅನುಮತಿಯಿರುವ ಒಂದನ್ನೇ, ಲೇಬಲ್‌ನ ಪ್ರಮಾಣದಲ್ಲಿ, ಜೇನ್ನೊಣ ಗೂಡು ಸೇರಿದ ಸಂಜೆಯಲ್ಲಿ ಹೊಡೆಯಿರಿ. ಸಂತೆಗೆ ಎಳೆಕಾಯಿ ಕೀಳುವವರು ಕಟಾವಿಗೆ ಮುನ್ನ ಎಷ್ಟು ದಿನ ಬಿಡಬೇಕೆಂಬುದನ್ನೂ ಅದೇ ಲೇಬಲ್‌ನಲ್ಲಿ ಓದಿಕೊಳ್ಳಬೇಕು. ಅಕ್ಷರ ಸಣ್ಣದಿರುತ್ತದೆ, ಶಾಲೆಗೆ ಹೋಗುವ ಮಗುವಿಂದ ಓದಿಸಿ.